ಮದ್ದು ಹೊಡೆಸಿದರೂ ಕೊಳೆ ಬಿಡದಿದ್ದರೆ?

ಪ್ರಶ್ನೆ: ಶಿರಸಿ ಹತ್ತಿರ ಅಡಿಕೆ ತೋಟವಿದೆ. ಈಚೆಗೆ ಜೂನ್‌ನಲ್ಲಿ ಮಳೆ ಕೈಕೊಟ್ಟು, ಜುಲೈನಲ್ಲಿ ಒಮ್ಮೆಲೇ ಜಡಿಯುತ್ತದೆ. ಎರಡು ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಹೊಡೆಸಿದರೂ ಕೊಳೆ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಬಂತು. ತಪ್ಪೆಲ್ಲಿ?

ಉತ್ತರ: ಬೋರ್ಡೋ ರೋಗ ತಡೆಯುವ ಮದ್ದು, ಬಂದದ್ದನ್ನು ವಾಸಿಮಾಡುವುದಲ್ಲ. ಕಾಯಿ ಒಣಗಿದ್ದಾಗಲೇ ಮೇಲೆ ಅಂಟಿ ಕೂರಬೇಕು. ಮೊದಲ ಸುತ್ತು ಮಳೆ ಹಿಡಿಯುವ ಮುನ್ನ, ಎರಡನೆಯದು 40–45 ದಿನಕ್ಕೆ. ಜಡಿಮಳೆ ನಡುವೆ ಹೊಳವಾದರೆ ದಿನ ಎಣಿಸುತ್ತ ಕೂರಬೇಡಿ, ಆಗಲೇ ಹೊಡೆಸಿ.

ನಮ್ಮ ಅನುಮಾನ ಮಾತ್ರ ಸುಣ್ಣದ ಮೇಲೆ. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ ಇನ್ನೊಂದು 50 ಲೀಟರಿಗೆ. ಪ್ಲಾಸ್ಟಿಕ್ ಡ್ರಮ್ಮೇ ಇರಲಿ, ಕಬ್ಬಿಣ ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕದಡಿ. ಉಜ್ಜಿದ ಚಾಕು ಅದ್ದಿ ನೋಡಿ: ಅಲಗು ಕೆಂಪಡರಿದರೆ ಸುಣ್ಣ ಸಾಲದು, ಇನ್ನಷ್ಟು ಸೋಸಿ ಹಾಕಿ. ಹಳೆಯ, ಗಾಳಿಗೆ ಬಿದ್ದ ಸುಣ್ಣದಲ್ಲಿ ಇದೇ ಎಡವಟ್ಟು. ಅಂದು ಕಲಸಿದ್ದು ಅಂದೇ ಖಾಲಿಯಾಗಬೇಕು.

ಉದುರಿದ ಕೊಳೆಕಾಯಿ ಹೆಕ್ಕಿ ತೋಟದಾಚೆ ಹಾಕಿ, ಬಸಿಗಾಲುವೆ ಬಿಡಿಸಿ. ಕೊನೆಗೌಡರು (ಮರ ಹತ್ತಿ ಕೊನೆ ಇಳಿಸುವವರು) ಸಿಕ್ಕರೆ ತಗ್ಗಿನ ಮರಗಳಿಗಾದರೂ ಕೊಟ್ಟೆ (ಕೊನೆಗೆ ಮಳೆ ತಾಗದಂತೆ ಹೊದಿಕೆ) ಕಟ್ಟಿಸಿ.