ಮೊಡವೆ ಇರುವ ಮುಖಕ್ಕೆ ಹಳೇ ಕಾಲದ ಒಂಟಿ ಬ್ಲೇಡಿನ ರೇಜರ್ ಆಗುತ್ತದಾ?

ಆಗುತ್ತದೆ. ಎಷ್ಟೋ ಜನಕ್ಕೆ ಅದೇ ವಾಸಿ. ಮೂರ್ನಾಲ್ಕು ಬ್ಲೇಡಿನ ರೇಜರ್ ಕೂದಲನ್ನು ಮೇಲಕ್ಕೆಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಅದು ಮತ್ತೆ ಬೆಳೆಯುವಾಗ ಒಳಗೇ ಚುಚ್ಚಿಕೊಂಡು ಗುಳ್ಳೆ ಏಳಬಹುದು. ಒಂಟಿ ಬ್ಲೇಡು ಸಾಮಾನ್ಯವಾಗಿ ಚರ್ಮದ ಮಟ್ಟಕ್ಕೇ ಕತ್ತರಿಸುತ್ತದೆ, ಉಜ್ಜುವುದೂ ಕಮ್ಮಿ. ಆದರೆ ಒತ್ತಬೇಡಿ, ರೇಜರ್ ಭಾರವೇ ಸಾಕು. ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಕೀವು ತುಂಬಿದ ಮೊಡವೆ ಇದ್ದ ಜಾಗ ಮುಟ್ಟಲೇಬೇಡಿ.

ನಮ್ಮ ಕೋಲಾರದ ಕಡೆ ಇನ್ನೊಂದು ತಲೆನೋವು ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಸೋಪಿನ ನೊರೆ ಸರಿಯಾಗಿ ಏಳುವುದಿಲ್ಲ, ಬ್ಲೇಡು ಸುಮ್ನೆ ಚರ್ಮ ಕೆರೆಯುತ್ತದೆ. ಒಂದು ಲೋಟ ಕ್ಯಾನ್ ನೀರು ಬೆಚ್ಚಗೆ ಮಾಡಿ ಅದರಲ್ಲೇ ನೊರೆ ಬರಿಸಿ. ಕಟಿಂಗ್ ಶಾಪಿಗೆ ಹೋಗುವವರಾದರೆ, ಹೊಸ ಬ್ಲೇಡು ಮುರಿದು ಕತ್ತಿಗೆ ಹಾಕಿದ್ದನ್ನು ಕಣ್ಣಾರೆ ನೋಡಿಯೇ ಮುಖ ಕೊಡಿ.