ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸಗಳಲ್ಲಿ ಯಾವುದಕ್ಕೆ ಹೋಗಲಿ: ನೆರೆದೇಶಗಳ ರಾಜತಾಂತ್ರಿಕತೆಗೋ, ವಾಸ್ತುಶಿಲ್ಪಕ್ಕೋ?

ರಾಜ್ಯಶಾಸ್ತ್ರದಲ್ಲಿ ಎಂ.ಎ., ವಾರಕ್ಕೆ ಒಂದೇ ಸಂಜೆ ಬಿಡುವು, ಮುಂದೆ ಪಿಎಚ್‌ಡಿ ಆಸೆ ಅಂತ ಬರೆದಿದ್ದೀರಿ. ನಾನೂ ಹೀಗೇ ಇದ್ದೆ, ಇದೇ ಬೆಂಗಳೂರಿನಲ್ಲಿ.

ನಮ್ಮಲ್ಲೂ ಆಗ ಎರಡು ಉಪನ್ಯಾಸ ಮಾಲೆ ನಡೆಯುತ್ತಿದ್ದವು. ಒಂದಕ್ಕೆ ನಿವೃತ್ತ ರಾಯಭಾರಿಗಳು ಬರುತ್ತಿದ್ದರು. ಇನ್ನೊಂದು ವಾಸ್ತುಶಿಲ್ಪದ್ದು. ನನ್ನ ವಿಷಯ ಸಾರ್ಕ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಸಹಕಾರ ಸಂಘಟನೆ. ಹಾಗಾಗಿ ರಾಯಭಾರಿಗಳ ಮಾತು ಒಂದನ್ನೂ ಬಿಡಲಿಲ್ಲ. ದಕ್ಷಿಣ ಏಷ್ಯಾದ ಸಂಸತ್ ಭವನಗಳ ಬಗ್ಗೆ ಉಪನ್ಯಾಸ ಇದೆ ಅಂತ ನೋಟಿಸ್ ಬೋರ್ಡಿನಲ್ಲಿ ಕಂಡಿತ್ತು. ಕಟ್ಟಡದ ವಿಷಯ ಎಂಜಿನಿಯರ್‌ಗಳಿಗೆ ಇರಲಿ ಅಂತ ಹೋಗಲಿಲ್ಲ.

ಆಮೇಲೆ ಪಿಎಚ್‌ಡಿ ಸಂದರ್ಶನ. 1985ರಲ್ಲಿ ಢಾಕಾದಲ್ಲಿ ಸಾರ್ಕ್ ಶುರುವಾಯಿತು, ಎರಡನೇ ಶೃಂಗಸಭೆ 1986ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ಆಯಿತು ಅಂತ ಚೆನ್ನಾಗಿಯೇ ಹೇಳಿದೆ. ಆಗ ಒಬ್ಬ ಮೇಡಂ ಕೇಳಿದರು, "ಢಾಕಾದ ಸಂಸತ್ ಭವನ ಕಟ್ಟಿಸಲು ಹೊರಟಿದ್ದು ಯಾರು?"

"ಬಾಂಗ್ಲಾದೇಶ ಸರ್ಕಾರ, ಮೇಡಂ."

ತಪ್ಪು. ಹೊರಟಿದ್ದು ಪಾಕಿಸ್ತಾನ. ಈಗಿನ ಬಾಂಗ್ಲಾದೇಶ ಆಗ ಪಾಕಿಸ್ತಾನದ ಪೂರ್ವ ಭಾಗ. 1960ರ ದಶಕದಲ್ಲಿ, ಅಧ್ಯಕ್ಷ ಅಯೂಬ್ ಖಾನ್ ಕಾಲದಲ್ಲಿ, ಢಾಕಾವನ್ನು ಎರಡನೇ ರಾಜಧಾನಿ ಮಾಡುತ್ತೇವೆ ಅಂತ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರಿಗೆ ಕೆಲಸ ಕೊಟ್ಟರು. ಅಸಮಾಧಾನಗೊಂಡ ಪೂರ್ವ ಭಾಗದ ಜನರನ್ನು ಸಮಾಧಾನ ಮಾಡುವುದೂ ಅದರ ಉದ್ದೇಶ. 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಕೆಲಸ ನಿಂತಿತು. ಕಾನ್ 1974ರಲ್ಲಿ ತೀರಿಕೊಂಡರು. ಕಟ್ಟಡ ಮುಗಿದದ್ದು 1982ರಲ್ಲಿ, ಅಷ್ಟರಲ್ಲಿ ಅದು ಬೇರೆ ದೇಶ. ಆ ಹೊಸ ದೇಶ ಅದನ್ನು ಕೆಡವಲಿಲ್ಲ, ತನ್ನದೇ ಅಂದುಕೊಂಡು ಪೂರ್ತಿ ಮಾಡಿತು. ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಸಂಬಂಧದ ಅರ್ಧ ಕಥೆ ಆ ಕಾಂಕ್ರೀಟಿನಲ್ಲೇ ಇದೆ, ಅಲ್ವಾ? ನನ್ನ ಸಂಶೋಧನೆಗೆ ಇದು ಬೇಕೇ ಬೇಕಿತ್ತು.

ಒಂದು ಉತ್ತರ ತಪ್ಪಿದ್ದಕ್ಕೆ ಸೀಟು ಹೋಯಿತು ಅಂದುಕೊಳ್ಳಬೇಡಿ. ಅದರ ಹಿಂದೆಯೇ ಬಂದ ಪ್ರಶ್ನೆ, "ಹಾಗಾದರೆ ಶ್ರೀಲಂಕಾದ್ದು?" ಅದೂ ಗೊತ್ತಿರಲಿಲ್ಲ. ಶ್ರೀಲಂಕಾದ ಆಗಿನ ಅಧ್ಯಕ್ಷ ಜಯವರ್ಧನೆ ಬೆಂಗಳೂರಿನ ಶೃಂಗಸಭೆಗೆ ಬಂದಿದ್ದರು ಅಂತ ಗೊತ್ತಿತ್ತು. ಅವರೇ ತಮ್ಮ ದೇಶದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರಿಂದ ಕೊಲಂಬೊ ಪಕ್ಕದ ಕೋಟ್ಟೆಯ ಕೆರೆ ನಡುವೆ ಸಂಸತ್ ಭವನ ಕಟ್ಟಿಸಿದ್ದು ಗೊತ್ತಿರಲಿಲ್ಲ. ಅದು ಮುಗಿದದ್ದೂ 1982ರಲ್ಲೇ. ಒಪ್ಪಂದಗಳ ತಾರೀಕು ಬಿಟ್ಟರೆ ಈ ದೇಶಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ ಅಂತ ಸಮಿತಿಗೆ ಅರ್ಥವಾಯಿತು. ಸೀಟು ಸಿಗಲಿಲ್ಲ. ಒಂದು ವರ್ಷ ಹಾಗೇ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಇವು ಎರಡು ವಿಷಯ ಅಲ್ಲ. ವಿಧಾನಸೌಧವನ್ನೇ ನೋಡಿ. ಇಲ್ಲಿಗೆ ಬಂದ ರಷ್ಯಾದ ನಿಯೋಗವೊಂದು 'ಎಲ್ಲಾ ಯುರೋಪಿನ ಥರದ ಕಟ್ಟಡಗಳೇ, ನಿಮ್ಮದು ಯಾವುದು?' ಅಂತ ಕೇಳಿತಂತೆ. ಅದು ಕೆಂಗಲ್ ಹನುಮಂತಯ್ಯನವರಿಗೆ ನಾಟಿತಂತೆ. 1956ರಲ್ಲಿ ಎದ್ದು ನಿಂತ ಆ ಕಲ್ಲಿನ ಕಟ್ಟಡ ಹೊರಗಿನವರಿಗೆ ಕೊಟ್ಟ ಉತ್ತರವೂ ಹೌದು. ಎದುರಿಗೇ ಬ್ರಿಟಿಷರ ಕಾಲದ ಕೆಂಪು ಅಟ್ಟಾರ ಕಚೇರಿ ಇದೆ, ಮಧ್ಯೆ ನಿಂತು ಎರಡನ್ನೂ ನೋಡಿ.

ವಾರಕ್ಕೆ ಒಂದೇ ಸಂಜೆ ಇದ್ದರೆ ಒಂದು ವಾರ ಅದು, ಒಂದು ವಾರ ಇದು. ರಾಯಭಾರಿಗಳ ಮಾತು ಎಷ್ಟೋ ಸಲ ಆಮೇಲೆ ಯೂಟ್ಯೂಬ್‌ನಲ್ಲೂ ಸಿಗುತ್ತದೆ. ಹಾಗಾಗಿ ಎರಡೂ ಒಂದೇ ದಿನ ಬಂದರೆ ವಾಸ್ತುಶಿಲ್ಪಕ್ಕೇ ಹೋಗಿ. ಸುಮ್ನೆ ಕೇಳಿ ಎದ್ದು ಬರಬೇಡಿ. 'ಇದನ್ನು ಕಟ್ಟಿಸಿದ್ದು ಯಾರು, ದುಡ್ಡು ಎಲ್ಲಿಂದ ಬಂತು, ಯಾರಿಗೆ ತೋರಿಸಲು?' ಅಂತ ಕೇಳಿ. ಇಂಗ್ಲಿಷ್ ಕಷ್ಟ ಆದರೆ ಕನ್ನಡದಲ್ಲೇ ಕೇಳಿ, ಸಭೆಯಲ್ಲಿ ಯಾರಾದರೂ ಅನುವಾದ ಮಾಡಿಯೇ ಮಾಡುತ್ತಾರೆ.