ಹುಡುಗರು ಆಡಿದ್ರೆ ಗತ್ತು, ನಾನು ಆಡಿದ್ರೆ ‘ಲೋಕಲ್’!

ಪ್ರಶ್ನೆ: ಜಯನಗರದಲ್ಲಿ ಮೊದಲ ಪಿಯುಸಿ ಓದುತ್ತಿದ್ದೇನೆ. ನಮ್ಮದು ಐದು ಹುಡುಗಿಯರ ಗ್ಯಾಂಗ್. ನನ್ನನ್ನೂ ಸೇರಿಸಿ ಮೂವರ ಮನೆಮಾತು ಕನ್ನಡ. ಆದರೂ ನಮ್ಮೊಳಗೆ ಬರೀ ಇಂಗ್ಲಿಷ್. ಮೊನ್ನೆ ಕನ್ನಡದಲ್ಲಿ ಏನೋ ತಮಾಷೆ ಮಾಡಿದೆ. ‘ಯಾಕೆ ಇಷ್ಟು ಲೋಕಲ್ ಆಗಿ ಆಡ್ತೀಯಾ’ ಎಂದು ನಕ್ಕರು. ಕ್ಲಾಸಿನ ಹುಡುಗರು ದಿನವಿಡೀ ‘ಮಗಾ’, ‘ಗುರು’ ಅಂತ ಕನ್ನಡದಲ್ಲೇ ಕೂಗಾಡ್ತಾರೆ, ಅವರಿಗೆ ಯಾರೂ ಏನೂ ಅನ್ನಲ್ಲ. ಗೆಳತಿಯರನ್ನು ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಪುಟ್ಟಾ, ನೀನು ಗಮನಿಸಿದ್ದು ಸರಿಯಾಗಿಯೇ ಇದೆ. ಹುಡುಗರ ಬಾಯಲ್ಲಿ ಬೀದಿಯ ಕನ್ನಡ ಗತ್ತು ಅನಿಸಿಕೊಳ್ಳುತ್ತದೆ. ಹುಡುಗಿ ಅದನ್ನೇ ಆಡಿದರೆ ಅವಳ ಮನೆ, ನಡತೆ ಎಲ್ಲವನ್ನೂ ಅಳೆಯುತ್ತಾರೆ. ಇದು ಅನ್ಯಾಯ.

ಹಾಗಂತ ಗೆಳತಿಯರಿಗೆ ಸೊಕ್ಕು ಅನ್ನಬೇಡ. ಆಸ್ಟ್ರಿಯಾದ ಓಬರ್‌ವಾರ್ಟ್ ಎಂಬ ಊರಲ್ಲಿ ಹಂಗೇರಿಯನ್, ಜರ್ಮನ್ ಎರಡೂ ಆಡುವ ಜನರಿದ್ದರು. 1970ರ ದಶಕದಲ್ಲಿ ಅಲ್ಲಿ ಜನರ ಭಾಷಾ ಬಳಕೆಯ ಅಧ್ಯಯನ ಮಾಡಿದ ಸಂಶೋಧಕಿ ಸೂಸನ್ ಗಾಲ್ ಅವರಿಗೆ ಕಂಡಿದ್ದು, ಹುಡುಗರಿಗಿಂತ ಜಾಸ್ತಿ ಜರ್ಮನ್ ಕಡೆ ವಾಲಿದವರು ಯುವತಿಯರು. ಹಂಗೇರಿಯನ್ ಎಂದರೆ ಅವರಿಗೆ ರೈತನ ಹೆಂಡತಿಯಾಗಿ ದುಡಿದು ಸವೆಯುವ ಬದುಕು. ಅದರಿಂದ ಪಾರಾಗಬೇಕಿತ್ತು. ಇಂಗ್ಲಿಷ್ ಆಡಿದರೆ ಯಾರೂ ತಮ್ಮನ್ನು ಹಗುರವಾಗಿ ನೋಡಲ್ಲ ಅನ್ನುವ ಆಸೆ ನಿನ್ನ ಗೆಳತಿಯರಿಗೂ ಇರಬಹುದು.

ಕ್ಯಾಂಟೀನಿನಲ್ಲಿ ಅವರನ್ನು ಗಮನಿಸು. ‘ಅಣ್ಣಾ, ಎರಡು ಮಸಾಲೆ ದೋಸೆ, ಚಟ್ನಿ ಜಾಸ್ತಿ ಹಾಕಿ’ ಅಂದು, ತಟ್ಟೆ ಹಿಡಿದು ನಿನ್ನತ್ತ ತಿರುಗಿದ ಕೂಡಲೇ ಇಂಗ್ಲಿಷ್, ಅಲ್ವಾ? ಕನ್ನಡ ಬರುತ್ತದೆ. ಆದರೆ ಅದು ಕ್ಯಾಂಟೀನಿಗೆ, ಆಟೋದವರಿಗೆ, ಅಜ್ಜಿಗೆ ಮೀಸಲು. ಗುಟ್ಟು ಹೇಳೋಕೆ, ಜಗಳ ಆಡೋಕೆ, ಓರಗೆಯವರ ಜೊತೆ ಬಿದ್ದು ಬಿದ್ದು ನಗೋಕೆ ಕನ್ನಡ ಬಳಸಿ ರೂಢಿಯೇ ಇಲ್ಲ. ನನಗೆ ತುಂಬ ಬೇಸರ ಆಗುವುದು ಇಲ್ಲೇ. ಹುಡುಗರಿಗೆ ಆ ರೂಢಿ ಕ್ರಿಕೆಟ್ ಆಡುವ ಮೈದಾನದಲ್ಲೇ ಆಗಿಬಿಡುತ್ತದೆ.

ಗ್ಯಾಂಗಿನ ಎದುರು ವಾದಕ್ಕೆ ಇಳಿಯಬೇಡ. ಕನ್ನಡದ ಆ ಇಬ್ಬರಲ್ಲಿ ನಿನಗೆ ಹತ್ತಿರದವಳು ಯಾರು? ಮೆಟ್ರೋದಲ್ಲಿ ಇಬ್ಬರೇ ಇರುವಾಗ ಕನ್ನಡದಲ್ಲಿ ಶುರು ಮಾಡು. ರಾತ್ರಿ ವಾಟ್ಸಾಪಿನಲ್ಲಿ ವಾಯ್ಸ್ ನೋಟ್ ಕಳಿಸು. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಪರವಾಗಿಲ್ಲ, ನೀನು ಕನ್ನಡ ಬಿಡಬೇಡ. ಗ್ಯಾಂಗಿನಲ್ಲಿ ಇಬ್ಬರು ಆಡತೊಡಗಿದರೆ ಉಳಿದವರು ಅಷ್ಟು ಸುಲಭವಾಗಿ ನಗಲ್ಲ. ಕನ್ನಡ ಮನೆಮಾತಲ್ಲದ ಇಬ್ಬರಿಗೆ ಮಾತ್ರ ತಾವು ಹೊರಗುಳಿದೆವು ಅನಿಸಬಾರದು. ಅರ್ಥ ಹೇಳಿ ನಗುವಿಗೆ ಸೇರಿಸಿಕೋ.

ಆಮೇಲೂ ಯಾರಾದರೂ ಚುಚ್ಚಿದರೆ, ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ‘ನಂಗೆ ಬೇಜಾರಾಗುತ್ತೆ ಕಣೇ’ ಅನ್ನು. ಏನಾಯ್ತು ಅಂತ ನನಗೂ ಬರಿ.